ಇನ್ನೂ ಹುಟ್ಟದವರ ನೀರು

“ಲೇ ಲಕ್ಕ, ಮೇಲಕ್ಕೆ ಬಾರ್ಲಾ! ಸಾಹೇಬ್ರು ಬಂದು ಅರ್ಧ ಗಂಟೆ ಆಯ್ತು. ಎಮ್ಮೆ ಬಿದ್ದಂಗೆ ನೀರ್ನಾಗೇ ಬಿದ್ದಿದೀಯಲ್ಲ, ನನ್ಮಗ್ನೆ!”

ಏರಿಯ ಮೇಲೆ ನಿಂತು ಹೀಗೆ ಕೂಗಿದವರು ಪರಮಶಿವಯ್ಯ. ನಮ್ಮೂರ ಕೆರೆಯ ಕೆಳಗೆ ಅವರವೇ ಎಂಟುನೂರು ತೆಂಗಿನ ಮರ, ಪೇಟೆಯಲ್ಲಿ ಕೊಬ್ಬರಿ ಮಂಡಿ, ಸಾಲದ್ದಕ್ಕೆ ಅಲ್ಲಿನ ಪುರಸಭೆಯ ಮೆಂಬರ್‌ಗಿರಿ. ನೀರಿನಲ್ಲಿದ್ದವನು ನನ್ನ ಅಪ್ಪ ಲಕ್ಕಯ್ಯ, ಕೆರೆಯ ನೀರು ಕಾದು ಹಂಚುವ ನೀರುಗಂಟಿ. ತೂಬಿನ ಬಾಯಿಗೆ ಬಳ್ಳಿ ಸಿಕ್ಕಿಕೊಂಡು ಈ ಪರಮಶಿವಯ್ಯನವರ ತೋಟಕ್ಕೇ ನೀರು ಹೋಗುತ್ತಿರಲಿಲ್ಲ. ಅದನ್ನು ಕೀಳಲೆಂದೇ ಅಪ್ಪ ಬೆಳಗಿನಿಂದ ಮುಳುಗಿ ಮುಳುಗಿ ಏಳುತ್ತಿದ್ದ. ಹೇಳುವಷ್ಟು ಉಸಿರು ಅವನಿಗಿರಲಿಲ್ಲ, ಕೇಳುವಷ್ಟು ಪುರುಸೊತ್ತು ಅವರಿಗಿರಲಿಲ್ಲ. ಅವನು ಕಿತ್ತೆಸೆದ ಬಳ್ಳಿಯನ್ನು ನಾನು ದಡದಲ್ಲಿ ಗುಡ್ಡೆ ಹಾಕುತ್ತಿದ್ದೆ.

ಅಪ್ಪ ತೊಟ್ಟಿಕ್ಕುತ್ತಾ ಮೇಲೆ ಬಂದ. ಜೀಪಿನ ಮೂತಿಯ ಮೇಲೆ ಒಂದು ದೊಡ್ಡ ನಕ್ಷೆ ಹರಡಿತ್ತು. ಅದರ ನಾಲ್ಕು ಮೂಲೆಗೂ ಕಲ್ಲಿಟ್ಟು ನಿಂತಿದ್ದವರು ಇಂಜಿನಿಯರ್ ಬಸವರಾಜು. ಅಪ್ಪ ಒಂದು ಹೆಜ್ಜೆ ಮುಂದಿಟ್ಟ.

“ದೂರ ನಿಂತ್ಕಳ್ಲಾ! ನಕ್ಸೆ ಮ್ಯಾಲೆ ನೀರು ಬಿದ್ದಾತು” ಅಂದರು ಪರಮಶಿವಯ್ಯ. ನೀರು ಬೀಳುತ್ತದೆ ಅಂತಲೋ, ನೆರಳು ಬೀಳುತ್ತದೆ ಅಂತಲೋ, ಅವರಿಗೇ ಗೊತ್ತು.

“ಪರವಾಗಿಲ್ಲ, ಬನ್ನಿ ಲಕ್ಕಯ್ಯನವರೇ” ಅಂದರು ಇಂಜಿನಿಯರ್.

ಐವತ್ತು ವರ್ಷದಲ್ಲಿ ಒಬ್ಬರೂ ಅಪ್ಪನನ್ನು ಹಾಗೆ ಕರೆದಿರಲಿಲ್ಲ. ಅವನ ಮುಖ ನೋಡಬೇಕಿತ್ತು. ನಾವು ಹಾಳಾದದ್ದು ಅವತ್ತೇ, ಆ ಒಂದು ‘ಅವರೇ’ಯಿಂದಲೇ.

ಇಂಜಿನಿಯರ್ ಸಮಾಧಾನವಾಗಿ ಎಲ್ಲವನ್ನೂ ತಿಳಿಸಿದರು. ಪೇಟೆ ಬೆಳೆಯುತ್ತಿದೆ. ಇನ್ನು ಮೂವತ್ತು ವರ್ಷಕ್ಕೆ, ಎರಡು ಸಾವಿರದ ಹನ್ನೊಂದನೇ ಇಸವಿಗೆ ಅಲ್ಲಿ ಅರವತ್ತು ಸಾವಿರ ಜನ ಆಗುತ್ತಾರೆ. ತಲೆಗೆ ದಿನಕ್ಕೆ ಇಷ್ಟು ಅಂತ ನೀರು ಬೇಕು. ಮೂರು ವರ್ಷ ಮಳೆ ಕೈಕೊಟ್ಟರೂ ನಲ್ಲಿ ನಿಲ್ಲಬಾರದು. ಅಂಥ ಜಾಗ ಹುಡುಕಿ ಬಾವಿ ತೋಡಿ ಪಂಪು ಕೂರಿಸಬೇಕು.

“ಅಷ್ಟೊಂದು ಜನ ಈಗ ಎಲ್ಲವ್ರೆ ಸ್ವಾಮಿ?” ಅಂದ ಅಪ್ಪ.

“ಇನ್ನೂ ಹುಟ್ಟಬೇಕು.”

ಅಪ್ಪ ನನ್ನ ಕಡೆ ತಿರುಗಿದ. “ಕೇಳ್ದೇನವ್ವ ಪುಟ್ಗಂಗಿ? ಇನ್ನೂ ಹುಟ್ದೆ ಇರೋರ ಬಾಯಾರಿಕೆನೂ ಯೋಚ್ನೆ ಮಾಡ್ತವ್ರೆ. ಎಂಥಾ ದೊಡ್ಡ ಮನ್ಸ!”

ಇಂಜಿನಿಯರ್ ತೂಬಿನ ಪಕ್ಕದಲ್ಲೇ ಬಾವಿಗೆ ಗುರುತು ಹಾಕಿದ್ದರು. ಅಪ್ಪ ಅದನ್ನು ನೋಡಿ ನಕ್ಕುಬಿಟ್ಟ. ತೂಬಿನ ಹತ್ತಿರ ಹೂಳು ಬರುತ್ತದೆ, ಶಿವರಾತ್ರಿ ಕಳೆದರೆ ಅಲ್ಲಿ ಕುರಿ ಮೇಯುತ್ತವೆ, ಬಾವಿಗೆ ಅದು ಜಾಗವಲ್ಲ ಅಂದ. ಅವರನ್ನು ಕೆರೆಯಂಗಳದ ತುದಿಗೆ, ನಮ್ಮ ಕೇರಿಯ ಮಗ್ಗುಲಿಗೆ ಕರೆದುಕೊಂಡು ಹೋದ. ಅಲ್ಲಿ ಹುಣಸೆ ಮರದ ಬುಡದಲ್ಲಿ ಒಂದು ಮಡು. ಕೆರೆ ಪೂರ್ತಿ ಬಿರಿದ ವರ್ಷವೂ ಆ ಜಾಗದಲ್ಲಿ ಮೊಣಕೈಯುದ್ದ ಕೆದಕಿದರೆ ಒರತೆ ಬರುತ್ತದೆ. ಊರಿನ ಬಾವಿ ಮುಟ್ಟುವಂತಿಲ್ಲದ ನಮ್ಮ ನಲವತ್ತೆರಡು ಮನೆಗೆ ಅದೇ ಕುಡಿಯುವ ನೀರು. ಹೆಂಗಸರು ಸರತಿಯಲ್ಲಿ ಕೂತು, ತೆಂಗಿನ ಕರಟದಲ್ಲಿ ಮೊಗೆದು ಬಿಂದಿಗೆ ತುಂಬುತ್ತಿದ್ದೆವು. ನಮ್ಮ ಅಜ್ಜಿಯಂದಿರೂ ಹಾಗೇ ತುಂಬಿದ್ದರು.

ಅದನ್ನು ಅಪ್ಪ ತೋರಿಸಿಕೊಟ್ಟ. ವಿದ್ಯೆ ಇದ್ದವನಿಗೆ ಕೇಳುವವರು ಸಿಕ್ಕರೆ ಬಾಯಿ ಕಟ್ಟುವುದು ಕಷ್ಟ.

ವಾಪಸು ಬಂದು ಏರಿಯ ಮೇಲೆ ನಿಂತಾಗ ಅಪ್ಪ ಕೇಳಿದ: “ಸ್ವಾಮಿ, ನಿಮ್ಮ ಪೈಪು ನಮ್ ಕೇರಿ ಮುಂದ್ಲೇ ಹೋಗ್ಬೇಕು. ನಮ್ಗೂ ಒಂದು ನಲ್ಲಿ ಮಡಗ್ಬೇಕು.”

“ಆಗಲಿ ಬಿಡಿ, ಅದೇನು ದೊಡ್ಡದು” ಅಂದರು ಬಸವರಾಜು, ನಕ್ಷೆ ಸುತ್ತುತ್ತಾ.

ಅಪ್ಪನಿಗೆ ಅಷ್ಟು ಸಾಕಾಗಿತ್ತು. ನಮ್ಮ ಕೆರೆಯಲ್ಲಿ ನೀರಿನ ಹಂಚಿಕೆಗೆ ಕಾಗದ ಪತ್ರ ಇಲ್ಲ. ಯಾವ ಗದ್ದೆಗೆ ಎಷ್ಟು ಜಾವ, ಯಾರ ತೋಟಕ್ಕೆ ಯಾವ ವಾರ, ಎಲ್ಲಾ ಏರಿಯ ಮೇಲೆ ನಿಂತು ನೀರಿಗೆ ಮುಖ ಮಾಡಿ ಬಾಯಲ್ಲಿ ಆಡುವುದೇ. ‘ಆಗಲಿ’ ಅಂದರೆ ಆಯಿತು. ಕೊಲೆಗಡುಕನೂ ಆ ಮಾತು ತಪ್ಪಿದ್ದನ್ನು ನಾವು ಕಂಡಿಲ್ಲ. ಬೇರೆ ಯಾರನ್ನೇ ಕೇಳಿದ್ದರೂ ಒಂದು ಅರ್ಜಿ ಬರೆಸು ಮಾರಾಯ ಅನ್ನುತ್ತಿದ್ದರು. ಏರಿಯ ಮೇಲೆ ಬದುಕು ಸವೆಸಿದ ನೀರುಗಂಟಿಗೆ ಅದು ಹೊಳೆಯಲಿಲ್ಲ.

ಅವ್ವ ಭೂತಮ್ಮನಿಗೆ ಹೊಳೆಯಿತು. “ಒರತೆ ತೋರಿಸ್ ಬಂದ್ಯಾ? ಥೂ ನಿನ್ ಬಾಯಿಗೆ ಮಣ್ಣಾಕ! ಕಾಗ್ದ ಏನಾರಾ ಕೊಟ್ಟವ್ರಾ?”

“ಏರಿ ಮ್ಯಾಲೆ ಆಡಿದ ಮಾತು ಕಣೇ” ಅಂದ ಅಪ್ಪ. ಅವನಿಗೆ ನಿಜವಾಗಿ ಬೇಜಾರಾಗಿತ್ತು.

ಪೈಪು ಹೂಳಲು ಚರಂಡಿ ತೋಡುವ ಕೂಲಿಗೆ ಕರೆದದ್ದೂ ನಮ್ಮನ್ನೇ. ಆಳುದ್ದ ತೋಡಿ, ಕಬ್ಬಿಣದ ಪೈಪು ಇಳಿಸಿ, ಸಂದಿಗೆ ನಾರು ತುಂಬಿ ಸೀಸ ಹೊಯ್ಯುತ್ತಿದ್ದರು. ನಾರು ತುಂಬುವುದು ಹೆಂಗಸರ ಕೆಲಸ. ನಮ್ಮ ಮನೆಯ ಹೊಸ್ತಿಲಿನಿಂದ ನಾಲ್ಕು ಮಾರು ದೂರದಲ್ಲಿ ನನ್ನ ಕೈಯಿಂದಲೇ ಒಂದು ಸಂದಿ ಮುಚ್ಚಿದೆ. ನಾಳೆ ಇಲ್ಲೇ ನಮ್ಮ ನಲ್ಲಿ ಬರುತ್ತದೆ ಅಂತ ಖುಷಿಯಾಗಿ ಮುಚ್ಚಿದೆ, ನನ್ನ ದಡ್ಡತನಕ್ಕೆ.

ನಮ್ಮ ಮಡುವಿನಲ್ಲೇ ತೋಡಿದ ಬಾವಿ ಮುಗಿದ ದಿನ ಗಂಗೆ ಪೂಜೆ. ಒರತೆಯ ಕಣ್ಣಿಗೇ ತೆಂಗಿನಕಾಯಿ, ಅರಿಶಿನ ಕುಂಕುಮ ಇಡಬೇಕು ಅಂದರು ಅರ್ಚಕರು. ಮೂವತ್ತಡಿ ಕೆಳಗೆ ಯಾರು ಇಳಿಯುತ್ತಾರೆ? ಅಪ್ಪನನ್ನೇ ಇಳಿಸಿದರು. ಅವನು ಕೆಸರಿನಲ್ಲಿ ಕಣ್ಣು ಹುಡುಕಿ, ಕಾಯಿ ಇಟ್ಟು, ಕೈ ಮುಗಿದು, ಹಗ್ಗ ಹಿಡಿದು ಮೇಲೆ ಬಂದ. ಅವನು ಕೈಯೂರಿದ ಕಟ್ಟೆಯ ಮೇಲೆ ಅರ್ಚಕರು ಮಾವಿನೆಲೆಯಿಂದ ನೀರು ಚಿಮುಕಿಸಿದರು.

“ಆ ಕಡೆ ಹೋಗೋ, ಹೆಂಗಸ್ರು ಆರತಿ ತಂದಿದಾರೆ.”

“ಕೆಳಗೆ ನಾನೇ ಇಟ್ಟು ಬಂದೆ ಸ್ವಾಮಿ...”

“ಇಟ್ಟೆ. ಆಯ್ತು. ಈಗ ಹೋಗು.”

ಪ್ರಸಾದವನ್ನು ಎತ್ತರದಿಂದ ಅವನ ಕೈಗೆ ಹಾಕಿದರು. ಅರ್ಧ ನೆಲಕ್ಕೆ ಬಿತ್ತು. ಅಪ್ಪ ಆಯ್ದುಕೊಂಡ.

ಮಾರನೆಯ ವಾರ ಬಾವಿಯ ಸುತ್ತ ಮುಳ್ಳುತಂತಿ ಬಂತು. ಕಾವಲಿಗೆ ಪರಮಶಿವಯ್ಯನವರ ಮಂಡಿಯ ಆಳು ಬೆಟ್ಟಸ್ವಾಮಿ ಬಂದ. ಬಿಂದಿಗೆ ಹೊತ್ತು ಹೋದ ನಮಗೆ ಅವನು ದೊಣ್ಣೆ ಅಡ್ಡ ಹಿಡಿದ.

“ಇದು ಪ್ಯಾಟೆ ಜನ ಕುಡಿಯೋ ನೀರು ಕಣ್ರೇ. ಮುಟ್ಟಂಗಿಲ್ಲ.”

“ನಾವೇನ್ ಕುಂಡೆ ತೊಳೆಯಾಕೆ ಬಂದಿದೀವೇನ್ಲಾ? ನಾವೂ ಕುಡಿಯಾಕೇ ಬಂದಿರಾದು” ಅಂದಳು ಅವ್ವ.

“ನನ್ ಕೇಳ್ಬ್ಯಾಡ ಭೂತಮ್ಮ, ಆಡ್ರು ಐತೆ.”

ಊರ ಬಾವಿಗೆ ಹೋದರೆ ಕಟ್ಟೆಯಿಂದ ಹತ್ತು ಮಾರು ದೂರದಲ್ಲಿ ಬಿಂದಿಗೆ ಇಟ್ಟು ನಿಲ್ಲಬೇಕು. ಯಾರಾದರೂ ಮನಸ್ಸು ಮಾಡಿ ಹೊಯ್ದರೆ ಉಂಟು. ಪರಮಶಿವಯ್ಯನವರ ಸೊಸೆ ಗಿರಿಜಾಂಬಿಕಾ ಒಂದು ದಿನ ಅರ್ಧ ಕೊಡ ಹೊಯ್ದಳು. ಅವಳ ಅತ್ತೆ ನೋಡಿದರು. ಮಾರನೆಯ ದಿನದಿಂದ ಅವಳು ಈ ಕಡೆ ತಲೆಯೆತ್ತಲಿಲ್ಲ. ಕೆರೆ ಆಗಲೇ ಬತ್ತಿತ್ತು. ಉಳಿದದ್ದು ಎರಡು ಮೈಲಿ ಆಚೆಯ ಕಲ್ಲುಕ್ವಾರಿಯ ಹೊಂಡ. ಹಸಿರುಗಟ್ಟಿದ ನೀರು. ಅದನ್ನೇ ಸೀರೆಯಲ್ಲಿ ಸೋಸಿ ಕುಡಿದೆವು. ಯುಗಾದಿ ಕಳೆದು ಹದಿನೈದು ದಿನಕ್ಕೆ ನಮ್ಮ ಕೇರಿಯ ತಿಮ್ಮಕ್ಕನ ಮೂರು ವರ್ಷದ ಮೊಮ್ಮಗಳು ವಾಂತಿ ಭೇದಿಯಾಗಿ ಹೋದಳು. ಮಗುವಿನ ಮೈ ತೊಳೆಯಲು ಕೇರಿಯಲ್ಲಿ ನೀರಿರಲಿಲ್ಲ. ಕೇರಿಯ ನಡುವೆ ನೆಲದಡಿಯಲ್ಲಿ ನೀರು ಗೊಳಗೊಳ ಹರಿಯುವ ಸದ್ದು ಮಾತ್ರ ಕೇಳುತ್ತಿತ್ತು.

ತಿಮ್ಮಕ್ಕ ಅಪ್ಪನ ಎದುರು ಬಂದು ನಿಂತಳು. “ಲಕ್ಕಣ್ಣ, ನೀನೇ ಅಲ್ವಾ ತೋರಿಸ್ಕೊಟ್ಟಿದ್ದು?” ಅಷ್ಟೇ ಕೇಳಿ ಹೋದಳು. ಬೈದಿದ್ದರೆ ಒಳ್ಳೆಯದಿತ್ತು. ಅವತ್ತಿನಿಂದ ಅಪ್ಪ ಮನೆಯಲ್ಲಿ ನೀರು ಕೇಳುವುದನ್ನೇ ಬಿಟ್ಟ.

ನಾನು ಅವನನ್ನು ಪೇಟೆಯ ಕಚೇರಿಗೆ ಎಬ್ಬಿಸಿಕೊಂಡು ಹೋದೆ. ಮಾಯಸಂದ್ರದ ಕಡೆಯಿಂದ ಬರುವ ಬಸ್ಸಿನಲ್ಲಿ ನಿಂತುಕೊಂಡೇ ಹೋದೆವು. ಬಸವರಾಜು ಅವರಿಗೆ ವರ್ಗವಾಗಿತ್ತು. ಹೊಸ ಇಂಜಿನಿಯರ್ ತಿಂಡಿಗೆ ಹೋಗಿದ್ದರು. ಪಡಸಾಲೆಯ ಕೊನೆಯಲ್ಲಿ ಒಂದು ನಲ್ಲಿ ಸುಮ್ಮನೆ ಹರಿಯುತ್ತಿತ್ತು. ಕೆಳಗಿನ ಬಕೀಟು ತುಂಬಿ ಚೆಲ್ಲಿ ನೀರು ಚರಂಡಿ ಸೇರುತ್ತಿತ್ತು. ನಮ್ಮ ಮಡುವಿನ ನೀರು. ಅಪ್ಪ ಸ್ವಲ್ಪ ಹೊತ್ತು ನೋಡಿದ, ಚಡಪಡಿಸಿದ, ಕೊನೆಗೆ ಎದ್ದು ಹೋಗಿ ನಲ್ಲಿ ನಿಲ್ಲಿಸಿದ.

“ಯಾವನ್ಲಾ ನೀನು ನಲ್ಲಿ ಮುಟ್ಟಿದ್ದು?” ಜವಾನ ಹಾರಿ ಬಂದ. “ಯಾವೂರು? ಯಾವ ಜನ?”

“ಸುಮ್ಕೆ ಹೋಗ್ತಿತ್ತು ಸ್ವಾಮಿ, ಅದ್ಕೇ...”

“ಹೋದ್ರೆ ನಿಮ್ಮಪ್ಪನ ಮನೆದೇನ್ಲಾ?”

ಅಪ್ಪ ತಲೆ ತಗ್ಗಿಸಿದ. ಹೌದು ಕಣಯ್ಯ, ನಮ್ಮಪ್ಪನ ಮನೆದೇ ಅನ್ನಲು ನನ್ನ ನಾಲಗೆಯೂ ಏಳಲಿಲ್ಲ. ಆ ಸಿಟ್ಟು ನನಗೆ ಇವತ್ತಿಗೂ ನನ್ನ ಮೇಲೆ ಇದೆ.

ಹೊಸ ಇಂಜಿನಿಯರ್ ಬಂದು ನಕ್ಷೆ ತೆರೆದರು. ಬೆರಳಿಟ್ಟು ಪೈಪಿನ ಗೆರೆ ಹಿಡಿದು ಬಂದರು. “ಇಲ್ಲಿ ಮನೆಗಳೇ ಇಲ್ವಲ್ಲಮ್ಮ. ಖಾಲಿ ಜಾಗ ಅಂತಿದೆ.”

“ನಲವತ್ತೆರಡು ಮನೆ ಅವೆ ಸ್ವಾಮಿ.”

“ಇರಬಹುದು. ಸ್ಕೀಮಿನಲ್ಲಿ ಇಲ್ಲ. ಇದರ ಒಂದೊಂದು ಹನಿಗೂ ಮುಂದಿನ ಮೂವತ್ತು ವರ್ಷದ ಲೆಕ್ಕ ಆಗಿಬಿಟ್ಟಿದೆ. ಒಂದು ಕಡೆ ಕೊಟ್ಟರೆ ಎಲ್ಲರೂ ಕೇಳ್ತಾರೆ.” ಅವರು ಒರಟಾಗಿ ಮಾತಾಡಲಿಲ್ಲ. ನಮಗೆ ಕೂರಲು ಹೇಳಲಿಲ್ಲ, ಅಷ್ಟೇ.

“ಆ ಸಾಹೇಬ್ರು ಏರಿ ಮ್ಯಾಲೆ ‘ಆಗ್ಲಿ’ ಅಂದಿದ್ರು” ಅಂದ ಅಪ್ಪ.

“ಫೈಲಿನಲ್ಲಿ ಇದೆಯಾ?”

ಮನೆಗೆ ಬಂದವಳೇ ನಾನು ಹಾರೆ ತೆಗೆದುಕೊಂಡೆ. ಮಟಮಟ ಮಧ್ಯಾಹ್ನ. ಕದ್ದು ಮಾಡುವ ಕೆಲಸ ಇದಲ್ಲ ಅನ್ನಿಸಿತ್ತು. ಹೊಸ್ತಿಲಿನಿಂದ ನಾಲ್ಕು ಮಾರು ಅಳೆದು ಅಗೆಯಲು ಶುರುಮಾಡಿದೆ. ಅವ್ವ ಗುದ್ದಲಿ ತಂದಳು. ತಿಮ್ಮಕ್ಕ ಮಂಕರಿ ತಂದಳು. ಕೇಳದೆಯೇ ಹತ್ತಿಪ್ಪತ್ತು ಹೆಂಗಸರು ಸೇರಿದರು.

ಅಪ್ಪ ಓಡಿ ಬಂದು ನನ್ನ ಕೈ ಹಿಡಿದ. “ಬ್ಯಾಡ ಕಣವ್ವ. ಹರಿಯೋ ಗಂಗೆಗೆ ಹಾರೆ ಹಾಕ್ಬಾರ್ದು. ನಾವು ನೀರು ಕಾಯೋರು, ಒಡೆಯೋರಲ್ಲ.”

“ಯಾರ್ ನೀರು ಕಾದೆ ಯಪ್ಪ ನೀನು ಇಷ್ಟ್ ದಿನ? ಕೈ ಬುಡು.”

ಅವನು ಬಿಟ್ಟ. ಹೊತ್ತು ಇಳಿಯುವಷ್ಟರಲ್ಲಿ ಪೈಪು ಕಂಡಿತು. ನಾನು ನಾರು ತುಂಬಿದ ಸಂದಿಗೆ ನಾನೇ ಹಾರೆ ಹಾಕಿದೆ. ಸೀಸ ಬಿಡಲಿಲ್ಲ, ಸಮ್ಮಟಿಗೆಯಲ್ಲಿ ಮೂರು ಏಟು ಹಾಕಿದ್ದಕ್ಕೆ ಕಬ್ಬಿಣವೇ ಸೀಳಿತು. ನೀರು ಮುಖಕ್ಕೆ ರಾಚಿತು. ತಣ್ಣಗಿತ್ತು. ನಲವತ್ತೆರಡು ಮನೆಯ ಬಿಂದಿಗೆ, ತಪ್ಪಲೆ, ಮಡಕೆ ಎಲ್ಲಾ ತುಂಬಿದವು. ತಿಮ್ಮಕ್ಕ ಮಾತ್ರ ತುಂಬಿದ ಬಿಂದಿಗೆ ಮುಂದಿಟ್ಟುಕೊಂಡು ಅಳುತ್ತಾ ಕೂತಿದ್ದಳು.

ಬೆಟ್ಟಸ್ವಾಮಿ ಪಂಪು ನಿಲ್ಲಿಸಿ ಪೇಟೆಗೆ ಓಡಿದ. ಮಾರನೆಯ ದಿನ ಪೇಟೆಯಲ್ಲಿ ಒಂದು ನಲ್ಲಿಯೂ ತೊಟ್ಟಿಕ್ಕಲಿಲ್ಲ. ಮೂರು ವರ್ಷ ಮಳೆ ಹೋದರೂ ತಡೆಯುವ ಏರ್ಪಾಡು, ಒಂದು ಸಮ್ಮಟಿಗೆಗೆ ತಡೆಯಲಿಲ್ಲ.

ಹನ್ನೊಂದು ಗಂಟೆಗೆ ಜೀಪು ಬಂತು. ಹೊಸ ಇಂಜಿನಿಯರ್, ನಾಲ್ಕು ಜನ ಪೊಲೀಸರು, ಪರಮಶಿವಯ್ಯ. ನಾವು ಹೆಂಗಸರೆಲ್ಲ ಗುಂಡಿಗಿಳಿದು ಪೈಪಿನ ಮೇಲೆ, ಅಕ್ಕಪಕ್ಕದಲ್ಲಿ ಒತ್ತಿಕೊಂಡು ಕೂತಿದ್ದೆವು.

“ಒಡೆದೋರು ಯಾರು?” ಅಂದ ದಫೇದಾರ.

“ನಾನು” ಅಂದೆ.

“ನಾನೂವೆ” ಅಂದಳು ಅವ್ವ. ಹಿಂದಿನಿಂದ ಇನ್ನಷ್ಟು ‘ನಾನು’ಗಳು ಬಂದವು.

“ಏಳ್ರೇ ಮೇಲಕ್ಕೆ! ಪೈಪ್ ಕೂಡಿಸ್ಬೇಕು.”

“ನಲ್ಲಿ ಮಡಗ್ರಿ, ಏಳ್ತೀವಿ.”

ಪರಮಶಿವಯ್ಯ ಗುಂಡಿಯ ಅಂಚಿಗೆ ಬಂದರು. “ಹೊಲಗೇರಿ ಮುಂಡೇರಿಗೆ ನಲ್ಲಿ ಬೇಕಂತೆ, ನಲ್ಲಿ! ಇವ್ರನ್ನ ಮುಟ್ಟಿ ಎಳೆಯೋರ್ಯಾರು? ಲೇ ಬೆಟ್ಟ, ಹೋಗಿ ಪಂಪ್ ಹಾಕ್ಲಾ. ಬಿಲಕ್ಕೆ ನೀರು ಬಿಟ್ರೆ ಇಲಿ ತಾವಾಗೇ ಎದ್ ಬತ್ತವೆ.”

ಬೆಟ್ಟಸ್ವಾಮಿ ಇಂಜಿನಿಯರ್ ಮುಖ ನೋಡಿದ. ಅವರು ಕೈಗಡಿಯಾರ ನೋಡಿಕೊಂಡರು. ಬೆಟ್ಟಸ್ವಾಮಿ ಹೋದ.

ಅಪ್ಪ ಅಂಚಿನಲ್ಲಿ ನಿಂತಿದ್ದ. “ಬುದ್ದಿ, ಪಂಪಿನ ನೀರು ಬುದ್ದಿ, ಏಟು ಜಾಸ್ತಿ. ವಯಸ್ಸಾದೋರು ಅವ್ರೆ ಒಳ್ಗೆ...” ಅಂದ. ಪರಮಶಿವಯ್ಯ ಎಲೆ ಅಡಿಕೆ ಉಗಿದರು. ಅಪ್ಪ ಹೆಗಲ ಮೇಲಿನ ಟವಲನ್ನು ತೆಗೆದು ಸೊಂಟಕ್ಕೆ ಬಿಗಿದ. ಗುಂಡಿಗಿಳಿದು, ಸೀಳಿದ ಪೈಪಿಗೆ ಬೆನ್ನು ಕೊಟ್ಟು, ನನಗೂ ಅದಕ್ಕೂ ನಡುವೆ ಕೂತ.

“ಏಳ್ಬ್ಯಾಡಿ ಯಾರೂ” ಅಂದ.

ಪೈಪು ಮೊದಲು ನಡುಗಿತು. ಆಮೇಲೆ ನೀರು ಬಂತು, ಮಣ್ಣು ಕಲ್ಲು ಎಬ್ಬಿಸಿಕೊಂಡು. ಅಪ್ಪ ಮುಂದಕ್ಕೆ ಬಾಗಿದ, ಮತ್ತೆ ಸರಿಯಾಗಿ ಕೂತ. ಕೆಂಪು ನೀರು ಮೊಣಕಾಲು ದಾಟಿತು, ಸೊಂಟ ದಾಟಿತು. ಗುಂಡಿಯ ಅಂಚು ಕುಸಿದು ಬೀಳತೊಡಗಿತು. ಅವ್ವ ಒಂದು ಕೈಯಲ್ಲಿ ತಿಮ್ಮಕ್ಕನನ್ನು ಹಿಡಿದು, ಇನ್ನೊಂದು ಕೈಯಲ್ಲಿ ಆ ಕೆಸರು ನೀರನ್ನೇ ಬೊಗಸೆ ಮೊಗೆದು, ಮೇಲೆ ನಿಂತವರನ್ನು ನೋಡುತ್ತಾ ಕುಡಿದಳು.

“ಕುಡೀರ್ರೇ” ಅಂದಳು ನಮಗೆ.

ಕುಡಿದೆವು. ನೀರು ನನ್ನ ಎದೆಗೆ ಬಂದಿತ್ತು. ಪಂಪು ನಿಲ್ಲಿಸಿ ಅಂತ ಮೇಲಿದ್ದವರಲ್ಲಿ ಒಬ್ಬರೂ ಅನ್ನಲಿಲ್ಲ.