ನನ್ನ ಕೆಲಸದ ಮೇಲೆ ಕೂರಿಸಿದ ಗೂಬೆ

ನನ್ನ ತಂಗಿಯ ಕೆನ್ನೆ ಸುಟ್ಟದ್ದು ನನ್ನ ಕೈಕೆಲಸದಿಂದ ಎಂದು ವಾಲ್ಟ್ ರುವೋನಾ ಶುಕ್ರವಾರ ಊರವರಿಗೆಲ್ಲ ಮೀನೂಟ ಹಾಕುವ ದೊಡ್ಡ ಹಾಲ್‌ನಲ್ಲಿ ಹೇಳಿದನಂತೆ. ಅದೂ ಊರಿನವರೆಲ್ಲ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿರುವಾಗ. "ಹೆಂಗಸರು ಗ್ಯಾರೇಜಲ್ಲಿ ಕೂತ್ಕೊಂಡು ಕೋವಿ ರಿಪೇರಿ ಮಾಡಿದ್ರೆ ಇಷ್ಟೇ ಕಣ್ರಪ್ಪ" ಎಂದನಂತೆ. ಎದುರುಮನೆಯ ಲೆಂಪಿ ಇದನ್ನು ಫೋನಿನಲ್ಲಿ ಹೇಳುವಾಗ ನನಗೆ ಮೈಯೆಲ್ಲ ಉರಿದುಹೋಯಿತು. ಈ ವಾಲ್ಟ್ ಬೇರೆ ಯಾರೂ ಅಲ್ಲ, ನನ್ನ ತಂಗಿ ಸೈಮಿಯ ಗಂಡ. ನನ್ನ ಅಡುಗೆಮನೆಯಲ್ಲಿ ಕೂತು ನಾನು ಮಾಡಿದ ಮಾಂಸ ತುಂಬಿದ ಪಾಸ್ಟಿ ತಿಂದು ಬೆಳೆದ ಹೊಟ್ಟೆ ಅದು.

ನಡೆದದ್ದು ಇಷ್ಟು. ಸೈಮಿಗೆ ಭುಜದ ಆಪರೇಷನ್ ಆದಮೇಲೆ ಅವಳ ಕೋವಿಯ ಒದೆತ ತಡೆಯಲು ಆಗುತ್ತಿರಲಿಲ್ಲ. "ಈ ಸಲಾನೂ ಬೇಟೆ ಕ್ಯಾಂಪಲ್ಲಿ ಕೂತು ಗಂಡಸ್ರಿಗೆ ಕಾಫಿ ಕಾಯಿಸೋದಾದ್ರೆ ನಾನು ಬರೋದೇ ಇಲ್ಲ ಅಕ್ಕ" ಎಂದು ಬಂದು ಕೂತಳು. ಮೆತ್ತಗೆ ಒದೆಯುವ ತೋಟೆಯ ಹೊಸ ಬ್ಯಾರಲ್ ಹಾಕಿಕೊಡುತ್ತೇನೆ ಎಂದೆ. ನಮ್ಮಪ್ಪ ನನಗೆ ಕಲಿಸಿದ ಕೆಲಸ ಅದು, ಹರಟೆ ಹೊಡೆಯುತ್ತ ಮಾಡುವಂಥದಲ್ಲ. ತೋಟೆ ಬ್ಯಾರಲಿನ ಬುಡದ ಗೂಡಿನಲ್ಲಿ ಕೂತಾಗ ಅದರ ಬೆನ್ನಿಗೂ ಅದನ್ನು ಹಿಂದಿನಿಂದ ಮುಚ್ಚುವ ಅಗುಳಿಯ, ಅಂದರೆ ಬೋಲ್ಟಿನ, ಮುಖಕ್ಕೂ ನಡುವೆ ಕೂದಲೆಳೆಯಷ್ಟು ಜಾಗ ಉಳಿಯಬೇಕು. ಹೆಡ್‌ಸ್ಪೇಸ್ ಎನ್ನುವುದು ಅದಕ್ಕೇ. ಅದು ಹೆಚ್ಚಾದರೆ ತೋಟೆಯ ಹಿತ್ತಾಳೆ ಕವಚ ಸೀಳಿ, ಬೆಂಕಿ ಗುರಿ ಹಿಡಿದವರ ಮುಖಕ್ಕೇ ಬರುತ್ತದೆ.

ಅದನ್ನು ಅಳೆಯಲೆಂದೇ ತೋಟೆಯಾಕಾರದ ಉಕ್ಕಿನ ಗೇಜುಗಳಿರುವುದು. ಒಂದು ಗೇಜು ಹಾಕಿದರೆ ಬೋಲ್ಟು ಮುಚ್ಚಲೇಬೇಕು, ಇನ್ನೊಂದು ಹಾಕಿದರೆ ಮುಚ್ಚಲೇಬಾರದು. ಕೋವಿ ಖಾಲಿಯೇ ಎಂದು ಮತ್ತೆ ಮತ್ತೆ ನೋಡಿ, ಸೈಮಿಯ ಬೋಲ್ಟಿನಿಂದ ಸ್ಪ್ರಿಂಗು ಬಿಚ್ಚಿ, ಬೆರಳಿಗೇ ತಿಳಿಯುವ ಹಾಗೆ ಬ್ಯಾರಲನ್ನು ಕೂರಿಸಿದೆ. ನಟ್ಟು ಬಿಗಿಯುವಾಗ ಬ್ಯಾರಲ್ ಜರುಗುತ್ತದೆ ಎಂದು ಬಿಗಿದಮೇಲೂ ಅಳೆದೆ. ಮುಚ್ಚಬಾರದ ಗೇಜಿಗೆ ಬೋಲ್ಟು ಮುಚ್ಚಲಿಲ್ಲ. ಕೊನೆಗೆ, ತಂಗಿಯದಲ್ಲವೇ ಎಂದು, ಬೋಲ್ಟು ಬೆಣ್ಣೆಯ ಹಾಗೆ ಓಡಲಿ ಅಂತ ಉಜ್ಜಿ ಪಾಲಿಶ್ ಮಾಡಿ ಕೊಟ್ಟೆ.

ಅದನ್ನು ತೆಗೆದುಕೊಂಡು ಹೋದ ಸೈಮಿ ಜಲ್ಲಿಗುಂಡಿಯಲ್ಲಿ ಗುರಿ ನೋಡುವಾಗ ತೋಟೆ ಹಿಂದಕ್ಕೆ ಸೀಳಿತು. ಕನ್ನಡಕ ಇದ್ದದ್ದಕ್ಕೆ ಕಣ್ಣು ಉಳಿಯಿತು.

ಸೋಮವಾರ ಗೇಜುಗಳನ್ನು ಕೋಟಿನ ಜೇಬಿಗೆ ಹಾಕಿಕೊಂಡು ಅವರ ಮನೆಗೆ ಹೋದೆ. ಕೆನ್ನೆಗೆ ಮುಲಾಮು ಬಳಿದುಕೊಂಡು ಸೈಮಿ ಆಲೂಗೆಡ್ಡೆ ಹೆಚ್ಚುತ್ತಿದ್ದಳು. ವಾಲ್ಟ್ ಟಿ.ವಿ. ಮುಂದೆ ಕಾಲು ಚಾಚಿ ಕೂತಿದ್ದ.

"ಕೋವಿ ತೆಗಿ" ಎಂದೆ.

"ಯಾಕೆ, ಉಳಿದ ಕೆನ್ನೇನೂ ಸುಡ್ಬೇಕಾ?" ಎಂದ.

"ವಾಲ್ಟ್, ಬಾಯಿ ಆಮೇಲೆ. ಮೊದ್ಲು ಕೋವಿ."

ಮೊಮ್ಮಕ್ಕಳು ಬಂದುಹೋಗುವ ಮನೆ. ಕೋವಿಗಳು ಬೀರುವಿನಲ್ಲಿ, ಬೋಲ್ಟುಗಳು ಬೇರೆಯಾಗಿ ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿ, ಎರಡಕ್ಕೂ ಬೇರೆ ಬೇರೆ ಬೀಗ. ನಮ್ಮ ಕಡೆ ಎಲ್ಲರ ಮನೆಯಲ್ಲೂ ಹೀಗೇ. ಗಂಡ ಹೆಂಡತಿಯದು ಒಂದೇ ಮಾಡಲ್ಲಿನ ಕೋವಿ, ಜೊತೆಯಲ್ಲೇ ಕೊಂಡದ್ದು. ವಾಲ್ಟ್ ಸೈಮಿಯ ಕೋವಿ ತಂದ, ಡ್ರಾಯರಿನಿಂದ ಒಂದು ಬೋಲ್ಟು ತೆಗೆದು ಅದಕ್ಕೆ ಹಾಕಿದ. ನಾನು ಮುಚ್ಚಬಾರದ ಗೇಜು ಒಳಗಿಟ್ಟು ಬೋಲ್ಟು ತಳ್ಳಿದೆ. ಅದು ತಡೆಯೇ ಇಲ್ಲದೆ ಪೂರ್ತಿ ಮುಚ್ಚಿಕೊಂಡಿತು. ತೆಗೆದು ಇನ್ನೊಮ್ಮೆ ತಳ್ಳಿದೆ, ಮತ್ತೆ ಮುಚ್ಚಿಕೊಂಡಿತು.

"ನೋಡಿದ್ಯಾ?" ಎಂದ ವಾಲ್ಟ್. "ನಾನು ಊರಿಗೆಲ್ಲ ಸಾರಿದ್ದು ಸುಳ್ಳಾ?"

ಆಗ ಬೋಲ್ಟನ್ನು ಹೊರಗೆಳೆದು ಬೆಳಕಿಗೆ ಹಿಡಿದೆ. ಒರಟು, ಗೀರುಗೀರು. ನಾನು ಉಜ್ಜಿದ ಗುರುತೇ ಇಲ್ಲ.

"ಇದು ಯಾರ ಬೋಲ್ಟು?"

ಅವನು ಟಿ.ವಿ. ಕಡೆ ನೋಡಿದ. "ಬೋಲ್ಟ್ ಅಂದ್ರೆ ಬೋಲ್ಟು. ಎರಡೂ ಒಂದೇ ಕಂಪನೀದು. ಅವಳದ್ದು ನುಣ್ಣಗೆ ಓಡ್ತಿತ್ತು, ನನ್ನ ಕೋವೀಲಿ ಬಿಗಿಯಾಗಿ ಕೂತ್ಕೊಳ್ತು, ಹಾಕ್ಕೊಂಡೆ. ಅದ್ರಲ್ಲೇನು?"

ಅದರಲ್ಲೇನು ಅಂತೆ. ಡ್ರಾಯರಿನಿಂದ ನಾನು ಉಜ್ಜಿದ್ದ ಬೋಲ್ಟನ್ನು ತೆಗೆದು ಸೈಮಿಯ ಕೋವಿಗೆ ಹಾಕಿ ಅದೇ ಗೇಜಿಟ್ಟು ಅವನ ಕೈಗೇ ಕೊಟ್ಟೆ. "ಮುಚ್ಚು" ಎಂದೆ. ಅರ್ಧಕ್ಕೆ ನಿಂತಿತು. ಇನ್ನೊಮ್ಮೆ ತಳ್ಳಿದ. ನಿಂತೇ ನಿಂತಿತು.

"ಅಳತೆ ಕೂರಿಸಿದ್ದು ಅವಳ ಬೋಲ್ಟಿಗೆ ಕಣೋ. ಬೋಲ್ಟ್ ಬದಲಾದ್ರೆ ಅಳತೇನೂ ಬದಲಾಯ್ತು. ನಿನ್ನ ಕೋವೀಲಿ ಬಿಗಿಯಾಗಿದೆ ಅಂತ ಖುಷಿಪಟ್ಟೆ, ಅವಳ ಕೋವೀಲಿ ಸಡಿಲ ಆಗಿದೆ ಅಂತ ಹೊಳೀಲಿಲ್ವಾ? ಹೆಂಡ್ತಿ ಕಣ್ಣು ತೆಗೀತಿದ್ದೆಯಲ್ಲೋ. ತೆಗೆಯೋದು ನೀನು, ಗೂಬೆ ಕೂರಿಸೋದು ನನ್ನ ತಲೆ ಮೇಲಾ?"

ಅವನ ಮುಖ ಇಷ್ಟೇ ಇಷ್ಟಾಯಿತು. "ನಂಗೆ ಗೊತ್ತಿರ್ಲಿಲ್ಲ ಹೆಲ್ಮಿ. ಆಗಿದ್ದು ಆಯ್ತು. ಮನೆ ಮಾತು ಮನೇಲೇ ಇರ್ಲಿ" ಎಂದ.

"ಮನೇಲಿರ್ಲಾ? ಹಾಲಲ್ಲಿ ಹೇಳಿದ್ದು ಯಾರು?" ಎಂದು ಸೈಮಿಯ ಕಡೆ ತಿರುಗಿದೆ. "ನೀನಾದ್ರೂ ಹೇಳೇ."

ಅವಳು ಚಾಕು ಕೆಳಗಿಟ್ಟಳು. "ಅವ್ರು ಬದಲಾಯಿಸಿದ್ದು ನೋಡಿದ್ದೆ ಅಕ್ಕ."

"ಹಾಲಲ್ಲಿ ನನ್ನ ಬಗ್ಗೆ ಹಂಗಂದಾಗ?"

"ಪಕ್ಕದಲ್ಲೇ ಇದ್ದೆ. ಆ ಬೋಲ್ಟಿಂದಾನೇ ಇರ್ಬಹುದು ಅಂತ ಅನ್ನಿಸ್ತಾನೇ ಇತ್ತು. ಆದ್ರೆ ಅವ್ರು ಮುನಿಸ್ಕೊಂಡ್ರೆ ಚಳಿಗಾಲ ಪೂರ್ತಿ ಮಾತಾಡಲ್ಲ. ನಾನೊಬ್ಳೇ ಗೋಡೆ ನೋಡ್ಕೊಂಡು ಕೂರ್ಬೇಕು. ನಿನ್ನ ಹೆಸರು ಗಟ್ಟಿ ಇದೆ, ತಡ್ಕೊಳ್ಳುತ್ತೆ ಅಂದ್ಕೊಂಡೆ."

ವಾಲ್ಟ್ ಮೇಲಿನ ಸಿಟ್ಟೇ ದೊಡ್ಡದು ಎಂದುಕೊಂಡಿದ್ದೆ. ಇದು ಅದಕ್ಕಿಂತ ಆಳಕ್ಕೆ ಇಳಿಯಿತು. ಸುಟ್ಟ ಮುಖ ಹೊತ್ತುಕೊಂಡು ಸುಟ್ಟವನನ್ನೇ ಕಾಪಾಡುತ್ತಿದ್ದಾಳೆ, ನನ್ನನ್ನು ಅಡ್ಡ ಹಿಡಿದು.

ಎರಡೂ ಬೋಲ್ಟುಗಳನ್ನು ಜೇಬಿಗೆ ಹಾಕಿಕೊಂಡೆ. ಶನಿವಾರ ಜಿಂಕೆ ಬೇಟೆಯ ಮೊದಲ ದಿನ. "ಶುಕ್ರವಾರ ಅದೇ ಹಾಲಲ್ಲಿ, ಅದೇ ಜನರ ಮುಂದೆ ನಿಜ ಹೇಳಿದ್ರೆ ಇವು ವಾಪಸ್ ಬರುತ್ವೆ. ಇಲ್ದಿದ್ರೆ ಇಬ್ರೂ ದೊಣ್ಣೆ ಹಿಡ್ಕೊಂಡು ಬೇಟೆಗೆ ಹೋಗಿ."

"ನಂದೂನಾ ಅಕ್ಕ?" ಎಂದಳು ಸೈಮಿ.

"ನಿಂದೇ ಮೊದ್ಲು" ಎಂದೆ. ಅವಳು ಅಳುವ ಮೊದಲೇ ಹೊರಗೆ ಬಂದೆ, ನೋಡಿದರೆ ಕೊಟ್ಟುಬಿಡುತ್ತೇನೆ ಎಂದು ಗೊತ್ತಿತ್ತು.

ಶುಕ್ರವಾರ ನಾನು ಹಾಲಿಗೆ ಹೋಗಲಿಲ್ಲ. ಅವನೆದುರು ಕೂತು ಮೀನು ತಿನ್ನುವ ಮನಸ್ಸಿರಲಿಲ್ಲ. ಸಂಜೆ ಲೆಂಪಿಯ ಕಾರಿನಿಂದ ಸೈಮಿ ಒಬ್ಬಳೇ ಇಳಿದಳು.

"ಹೇಳಿದ್ನಾ?" ಎಂದೆ.

"ಅವ್ರಲ್ಲ. ನಾನು ಹೇಳ್ದೆ. ಅವ್ರು ಬದಲಾಯಿಸಿದ್ದು ಹೇಳ್ದೆ, ನಾನು ನೋಡಿದ್ದು ಹೇಳ್ದೆ, ನೋಡೀನೂ ಬಾಯಿ ಮುಚ್ಕೊಂಡಿದ್ದೂ ಹೇಳ್ದೆ."

"ಅವನು?"

"ತಟ್ಟೆ ಅಲ್ಲೇ ಬಿಟ್ಟು, ನನ್ನೂ ಅಲ್ಲೇ ಬಿಟ್ಟು ಹೋದ್ರು."

ಒಳಗೆ ಕರೆದು ಎರಡು ಬೋಲ್ಟನ್ನೂ ಮೇಜಿನ ಮೇಲಿಟ್ಟೆ. ಅವಳು ನುಣ್ಣಗಿದ್ದದ್ದನ್ನು ಎತ್ತಿಕೊಂಡು, ಇನ್ನೊಂದನ್ನು ನನ್ನ ಕಡೆಗೆ ತಳ್ಳಿದಳು.

"ಇದು ಇಲ್ಲೇ ಇರ್ಲಿ ಅಕ್ಕ. ಬೇಕಾದೋರು ಬಂದು ಕೇಳ್ಲಿ" ಎಂದಳು. "ನಾಳೆ ಬೆಳಿಗ್ಗೆ ಬೇಟೆಗೆ ನಿನ್ನ ಗಾಡೀಲಿ ಜಾಗ ಇದ್ಯಾ?"