ಯಾರದಾದರೂ ತಕರಾರು ಇದೆಯೇ?

ನಮ್ಮ ಸಾನ್ ಇಲ್ದೆಫೋನ್ಸೊ ಊರನ್ನು ಸ್ಥಾಪಿಸಿದವನು ಸ್ಪೇನಿನ ಕ್ಯಾಪ್ಟನ್ ಬ್ರಾಕಮೋಂತೆಯಂತೆ. ಅವನು ಬರುವ ಮೊದಲೇ ಇಲ್ಲಿ ಮನೆಗಳಿದ್ದವು, ಆಲೂಗಡ್ಡೆ ಹೊಲಗಳಿದ್ದವು, ಜಗಳಗಳೂ ಇದ್ದವು. ಇಲ್ಲದಿದ್ದವನು ಅವನೊಬ್ಬನೇ. ಮೂರು ತಿಂಗಳಿದ್ದು, ಬೆಳ್ಳಿ ಸಿಗಲಿಲ್ಲವೆಂದು ಬೈದು ಹೋದ ಆಸಾಮಿಗೆ ಪ್ರತಿ ಆಗಸ್ಟಿನಲ್ಲಿ ಬ್ಯಾಂಡು, ಬಾವುಟ, ಪಟಾಕಿ!

ಚೌಕದಲ್ಲಿ ಸ್ಥಾಪನೆಯ ನಾಟಕವೂ ಆಗಬೇಕು. ಕ್ಯಾಪ್ಟನ್ ಕತ್ತಿಯಿಂದ ಹುಲ್ಲು ಕತ್ತರಿಸಿ, “ಈ ನೆಲ ಇಂದಿನಿಂದ ದೊರೆಯದು. ಯಾರದಾದರೂ ತಕರಾರು ಇದೆಯೇ?” ಎಂದು ಮೂರು ಸಲ ಕೇಳುತ್ತಾನೆ. ಯಾರೂ ತುಟಿ ಬಿಚ್ಚುವುದಿಲ್ಲ. ಅಂದು ಕೇಳಿದ್ದು ಸ್ಪ್ಯಾನಿಷಿನಲ್ಲಿ, ನಿಂತವರಿಗೆ ಬರುತ್ತಿದ್ದದ್ದು ಇಲ್ಲಿಯ ನುಡಿ ಕೆಚುವಾ, ಇನ್ನೇನು ಹೇಳಿಯಾರು? ಕರಣಿಕ ‘ತಕರಾರು ಇಲ್ಲ’ ಎಂದು ಬರೆಯುತ್ತಾನೆ. ಪುರಸಭೆಯ ಗುಮಾಸ್ತನಾದ ನನಗೆ ಹದಿನೆಂಟು ವರ್ಷದಿಂದ ಆ ಕರಣಿಕನ ವೇಷ. ಹದಿನೆಂಟು ಸಲ ‘ಇಲ್ಲ’ ಎಂದು ಬರೆದೆ. ನನಗೂ ನಾಚಿಕೆಯಿರಲಿಲ್ಲ.

ಈ ವರ್ಷ ಪುರಸಭೆಯ ಅಧ್ಯಕ್ಷ ಎವರಿಸ್ತೋ ತಾನೇ ಕ್ಯಾಪ್ಟನ್ ಆದ. ಕವಚ ಹೊಟ್ಟೆಗೆ ಸಾಲದೆ ಹಿಂದೆ ಹಗ್ಗ ಬಿಗಿದಿದ್ದರು. ಚೌಕದ ಹಳೇ ಮರ ಕಡಿಸಿ ಅಲ್ಲಿ ಕ್ಯಾಪ್ಟನ್ನನ ಕಂಚಿನ ಪ್ರತಿಮೆ ನಿಲ್ಲಿಸುವುದು ಅವನ ಹುಚ್ಚು. ನಲ್ಲಿಯಲ್ಲಿ ನೀರಿಲ್ಲದ ಊರಿಗೆ ಕಂಚು! ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ. ಆ ಮರದಡಿ ನಲವತ್ತು ವರ್ಷದಿಂದ ಆಲೂಗಡ್ಡೆ ಮಾರುವ ಸತುರ್ನೀನಜ್ಜಿಗೆ ಕಸಾಯಿಖಾನೆಯ ಹಿಂದೆ ಜಾಗ ತೋರಿಸಿದ. ಅಲ್ಲಿಗೆ ನಾಯಿಗಳು ಬಿಟ್ಟರೆ ಯಾರೂ ಬರುವುದಿಲ್ಲ. ಅಜ್ಜಿ ಎರಡು ಅರ್ಜಿ ಕೊಟ್ಟಳು. ಎರಡನ್ನೂ ಅವನು ನನ್ನೆದುರೇ ಹರಿದ.

“ಇದು ಪುರಸಭೆಯ ಪುಸ್ತಕಕ್ಕೆ ಏರಿದ್ರೆ ವಿಚಾರಣೆ ಮುಗಿಯೋವರ್ಗೂ ಕೊಡಲಿ ಎತ್ತೋ ಹಾಗಿಲ್ಲ ಕಣಯ್ಯಾ,” ಎಂದ.

ಆದರೆ ಸ್ಪೇನಿನಿಂದ ಬಂದ ಅತಿಥಿಗಳ ಮುಂದೆ ಮೆರೆಯಬೇಕಲ್ಲ, ನಾಟಕದ ದಾಖಲೆಯನ್ನು ಪುರಸಭೆಯ ಅಸಲಿ ಪುಸ್ತಕದಲ್ಲೇ ಬರೆಯಬೇಕೆಂದು ಅವನೇ ಹುಕುಂ ಮಾಡಿದ್ದ. ನಾನು ಅದನ್ನು ಅಜ್ಜಿಯ ಕಿವಿಗೆ ಹಾಕಿದೆ.

ನಾಟಕದ ದಿನ ಎವರಿಸ್ತೋ ಹುಲ್ಲು ಕತ್ತರಿಸಿ ಕೇಳಿದ: “ಯಾರದಾದರೂ ತಕರಾರು ಇದೆಯೇ?”

“ಇದೆ ಕಣಪ್ಪಾ!” ಅಜ್ಜಿ ಲಂಗದ ಮಣ್ಣು ಕೊಡವಿ ಎದ್ದಳು.

ಬ್ಯಾಂಡಿನವನ ಡೋಲು ನಿಂತಿತು. ಎವರಿಸ್ತೋ ಹಲ್ಲು ಕಚ್ಚಿ, “ಏ ಅಜ್ಜಿ, ಇದು ನಾಟಕ. ಸುಮ್ನೆ ಕೂತ್ಕೋ” ಎಂದ.

“ಮರ ಕಡಿಯೋದೂ ನಾಟಕಾನಾ? ನೀನು ಕೇಳ್ದೆ, ನಾನು ಹೇಳ್ದೆ. ಇನ್ನೂ ಎರಡು ಸಲ ಬಾಕಿ ಐತೆ, ಕೇಳು ಮಗಾ. ನಾಚ್ಕೋಬೇಡ.”

ಜನ ಬಿದ್ದು ಬಿದ್ದು ನಕ್ಕರು. ಅತಿಥಿಗಳು ಇದೂ ನಾಟಕದ್ದೇ ಎಂದುಕೊಂಡು ಚಪ್ಪಾಳೆ ತಟ್ಟಿದರು. ಚಪ್ಪಾಳೆ ಬಿದ್ದ ಮೇಲೆ ಅವನು ಕೇಳದಿರುವ ಹಾಗಿಲ್ಲ. ಎರಡನೆಯ ಸಲವೂ ಅಜ್ಜಿ ‘ಇದೆ’ ಎಂದಳು. ಮೂರನೆಯ ಸಲ ಸಂತೆಯ ಹೆಂಗಸರೆಲ್ಲ ಕೂಗಿದರು.

“‘ಇಲ್ಲ’ ಅಂತಾನೇ ಬರೀ,” ಎಂದು ಎವರಿಸ್ತೋ ನನ್ನ ಕಿವಿಯಲ್ಲಿ ಉಸುರಿದ. ನಾನು ತಲೆಯಾಡಿಸಿ ಬರೆದೆ: ‘ತಕರಾರು ಇದೆ. ಸತುರ್ನೀನ ಚೋಕೆ, ಆಲೂಗಡ್ಡೆ ವ್ಯಾಪಾರಿ. ಮರ ಕಡಿಯಬಾರದು.’ ಹದಿನೆಂಟು ವರ್ಷ ಮಾತು ಮೀರದ ಕೈ ಎಂಬ ನಂಬಿಕೆಯಿಂದ ಅವನು ಕ್ಯಾಮೆರಾ ಕಡೆ ನಗುತ್ತಾ, ಓದದೆ, ಗರಿಯ ಲೇಖನಿಯಲ್ಲಿ ಉದ್ದಕ್ಕೆ ಸಹಿ ಹಾಕಿದ.

ಸೋಮವಾರ ನನ್ನ ಕೆಲಸ ಹೋಯಿತು, ಹೋಗಲಿ. ವಿಚಾರಣೆ ಇನ್ನೂ ಮುಗಿದಿಲ್ಲ. ಮರದಡಿ ಅಜ್ಜಿ ಇದ್ದಾಳೆ, ಅವಳ ಆಲೂಗಡ್ಡೆ ಮೂಟೆ ಹೊರಲು ನಾನಿದ್ದೇನೆ. ಲಾರಿಯಲ್ಲಿ ಬಂದಿಳಿದ ಕಂಚಿನ ಕ್ಯಾಪ್ಟನ್ ನಿಲ್ಲಲು ನೆಲ ಸಿಗದೆ, ಕಸಾಯಿಖಾನೆಯ ಹಿಂದೆ ಗೋಣಿ ಹೊದ್ದು ಮಲಗಿದ್ದಾನೆ. ನಾಯಿಗಳು ದಿನವೂ ಹೋಗಿ, ಒಂದೊಂದಾಗಿ ಕಾಲೆತ್ತಿ, ಅವನ ಸ್ಮರಣೆ ಮಾಡಿ ಬರುತ್ತವೆ.