ಬಾರದ ಹಡಗಿನ ದರ

ಆ ಹಜಾರದಲ್ಲಿ ಅವನಿಗೆ ಎಲ್ಲರೂ ಇಟ್ಟ ಹೆಸರು ತಕ್ಕಡಿ. ಇಪ್ಪತ್ತೊಂಬತ್ತು ವರ್ಷ ಒಂದೇ ಮೇಜಿಗೆ ಕೂತು ಕಂಡವರ ಅಪಾಯವನ್ನು ತೂಗಿ, ಇದಕ್ಕೆ ಇಷ್ಟು ಎಂದು ಬೆಲೆ ಕಟ್ಟಿದವನು. ಹಜಾರದ ತುಂಬ ಸಾಲುಸಾಲಾಗಿ ಮೇಜುಗಳು, ಒಂದೊಂದು ಮೇಜೂ ಒಂದೊಂದು ವಿಮಾ ಕಂಪನಿಯದು. ಬೇರೆ ಕಡೆ ಯಾರೂ ಮುಟ್ಟಲು ಧೈರ್ಯ ಮಾಡದ್ದೆಲ್ಲ ಇಲ್ಲಿಗೆ ಬರುತ್ತಿತ್ತು: ಸಮುದ್ರದೊಳಗಿನ ಎಣ್ಣೆ ಬಾವಿ, ಆಕಾಶಕ್ಕೆ ಹಾರಿಸುವ ಉಪಗ್ರಹ, ಯುದ್ಧ ನಡೆಯುವ ನೀರಿನಲ್ಲಿ ಸಾಗುವ ಹಡಗು, ಒಮ್ಮೆ ಯಾರೋ ಪಿಟೀಲು ವಿದ್ವಾಂಸನ ಹತ್ತು ಬೆರಳು. ಬ್ರೋಕರುಗಳು ವಿಮೆಯ ಚೀಟಿ ಹಿಡಿದು ಮೇಜಿಂದ ಮೇಜಿಗೆ ಅಲೆಯುತ್ತಿದ್ದರು. ಒಬ್ಬ ಹತ್ತು ಪಾಲು ಹೊರುತ್ತಾನೆ, ಇನ್ನೊಬ್ಬ ಎರಡು, ಫೋನಿನಲ್ಲಿ ಇನ್ನೊಂದು ಖಂಡದವನು ಐದು. ನೂರು ಪಾಲು ತುಂಬಿದರೆ ಚೀಟಿ ಮುಗಿಯಿತು. ಮೊದಲ ರುಜು ಹಾಕುವವನೇ ಇಲ್ಲಿ ಮುಖ್ಯ. ಅವನು ತಿಳಿದವನಾದರೆ ಉಳಿದವರು ಚೀಟಿ ಓದುವ ಗೋಜಿಗೂ ಹೋಗುವುದಿಲ್ಲ, ಗುಂಪಿನಲ್ಲಿ ಗೋವಿಂದ. ತಕ್ಕಡಿಯ ರುಜು ಅಂಥದ್ದು.

ಅಲ್ಲಿ ಇನ್ನೊಂದು ವ್ಯಾಪಾರವೂ ಇತ್ತು. ಹೇಳಲು ನಾಲಿಗೆ ಹಿಂಜರಿಯುತ್ತದೆ, ಆದರೂ ಹೇಳಬೇಕು. ಹೊರಟ ಹಡಗು ಬರಬೇಕಾದ ದಿನ ಬರಲಿಲ್ಲ, ಸುದ್ದಿಯೂ ಇಲ್ಲ ಅಂದುಕೊಳ್ಳಿ. ಅದಕ್ಕೆ ಮೊದಲು ವಿಮೆ ಹೊತ್ತ ಕಂಪನಿಗಳಿಗೆ ಎದೆ ಢವಢವ. ತಮ್ಮ ಹೊರೆಯನ್ನು ಇನ್ನೊಬ್ಬರ ತಲೆಗೆ ದಾಟಿಸಲು ಓಡಾಡುತ್ತವೆ. ಇದು ಮರುವಿಮೆ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅನ್ನುತ್ತಾರಲ್ಲ, ಅದೇ ಲೆಕ್ಕ. ಹಡಗು ಬಂದೀತು ಎಂಬ ಆಸೆ ಗಟ್ಟಿಯಾಗಿರುವಾಗ ನೂರಕ್ಕೆ ಹತ್ತು ಕೊಟ್ಟರೆ ಯಾರಾದರೂ ಹೊರುತ್ತಾರೆ. ಆಸೆ ಬತ್ತಿದಂತೆ ಇಪ್ಪತ್ತು, ಐವತ್ತು, ತೊಂಬತ್ತು. ಸಮುದ್ರದಲ್ಲಿ ಇಷ್ಟು ಜನ ಬದುಕಿದ್ದಾರೋ ಇಲ್ಲವೋ ಎಂಬುದಕ್ಕೆ ಜಗತ್ತಿನ ಏಳೆಂಟು ಊರುಗಳು ಸೇರಿ ದಿನಾ ಒಂದು ಅಂಕಿ ಹೇಳುತ್ತವೆ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದು ಅಂದರೆ ಇದೇ. ತಕ್ಕಡಿಗೆ ಇದರಲ್ಲಿ ತಪ್ಪೇನೂ ಕಂಡಿರಲಿಲ್ಲ, ಮೊಳೆ ಎಂಬವನು ಹತ್ತಿ ಹೋದ ಹಡಗು ಸುದ್ದಿಯಿಲ್ಲದೆ ಹೋಗುವ ತನಕ.

ಮೊಳೆ ಅಂದರೆ ಅವನ ಹೆಂಡತಿಯ ತಮ್ಮ. ತಾಯಿ ಸತ್ತಾಗ ಏಳು ವರ್ಷದವನು. ಅಕ್ಕನ ಮನೆಗೆ ಬಂದ ಮೊದಲ ವಾರವೇ ಕುರ್ಚಿ, ಕಪಾಟು, ಬಾಗಿಲು, ಎಲ್ಲದರ ಮೊಳೆ ಕಿತ್ತು ಒಂದು ಡಬ್ಬಿಯಲ್ಲಿ ತುಂಬಿಟ್ಟಿದ್ದ. ತಕ್ಕಡಿ ಕೂತ ಕುರ್ಚಿ ಮುರಿದು ಬಿದ್ದಾಗ, "ಭಾವ, ಇದು ಹೇಗೆ ನಿಂತಿತ್ತು ಅಂತ ನೋಡ್ತಿದ್ದೆ ಅಷ್ಟೇ" ಅಂದಿದ್ದ. ಮಕ್ಕಳಿಲ್ಲದ ಮನೆ. ಇವನೇ ಮಗ, ಇವನೇ ಭಾವಮೈದುನ, ಇವನೇ ಮನೆಯ ಗದ್ದಲ. ದೊಡ್ಡವನಾಗಿ ಹಡಗಿನ ಇಂಜಿನಿಯರ್ ಆದ. ಇಪ್ಪತ್ತೆರಡು ಜನರ ಅದಿರು ಹಡಗು. ಬಿರುಗಾಳಿ ಎದ್ದ ದಿನ ಬೆಳಿಗ್ಗೆ ಕೊನೆಯ ಸಂದೇಶ ಬಂತು. ಆಮೇಲೆ ಅಪಾಯದ ಸಂಕೇತವೂ ಇಲ್ಲ, ಏನೂ ಇಲ್ಲ.

"ಇವತ್ತೇನಂತೆ?" ಎಂದು ಹೆಂಡತಿ ಮೂರನೆಯ ದಿನ ಬಾಗಿಲಲ್ಲೇ ಕೇಳಿದಳು.

"ರೇಡಿಯೋ ಕೆಟ್ಟಿರಬಹುದು ಅಂತಾರೆ."

"ಅಂತಾರೆ ಗಿಂತಾರೆ ಬೇಡ ರೀ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಬೇಡಿ. ನಿಮ್ಮ ಜನ ದರ ಹೇಳ್ತಾರಲ್ಲ, ಅದು ಎಷ್ಟು?"

"ಹತ್ತು."

"ಹತ್ತು ಅಂದ್ರೆ?"

"ಬರೋದಿಲ್ಲ ಅನ್ನೋದಕ್ಕೆ ನೂರರಲ್ಲಿ ಹತ್ತು. ಬರ್ತಾನೆ ಅನ್ನೋದಕ್ಕೆ ತೊಂಬತ್ತು."

ಅವಳು ತೊಂಬತ್ತನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಂಡಳು. ಅಂದಿನಿಂದ ಬೇರೆ ಏನನ್ನೂ ಕೇಳಲಿಲ್ಲ. ಪತ್ರಿಕೆ ಓದಲಿಲ್ಲ, ನೆಂಟರ ಫೋನ್ ಎತ್ತಲಿಲ್ಲ. ಸಂಜೆ ಗಂಡನ ಬೂಟಿನ ಸದ್ದಿಗೆ ಬಾಗಿಲು ತೆಗೆದು, "ಎಷ್ಟು?" ಅನ್ನುತ್ತಿದ್ದಳು. ಐದನೆಯ ದಿನ ಇಪ್ಪತ್ತು. ಎಂಟನೆಯ ದಿನ ಸರ್ಕಾರದ ಹಡಗುಗಳು, ವಿಮಾನಗಳು ಹುಡುಕಾಟ ನಿಲ್ಲಿಸಿದವು. ಅವತ್ತು ಅರವತ್ತು. ಮೊದಲು ವಿಮೆ ಹೊತ್ತಿದ್ದ ಕಂಪನಿಗಳು ಮಾತ್ರ ಕೈಬಿಡಲಿಲ್ಲ. ಹೊರೆ ದಾಟಿಸಲು ಒಂದು ನರಪಿಳ್ಳೆಯೂ ಸಿಗುತ್ತಿಲ್ಲ, ಹಡಗು ಸಿಕ್ಕರಷ್ಟೇ ಅವು ಉಳಿದುಕೊಳ್ಳುವುದು. ಹಾಗಾಗಿ ತಮ್ಮದೇ ಖರ್ಚಿನಲ್ಲಿ, ಕೆಟ್ಟ ಹಡಗು ಎಳೆದು ತರುವ ಒಂದು ಟಗ್ ದೋಣಿ ಗೊತ್ತು ಮಾಡಿ ಆ ನೀರಿಗೆ ಕಳಿಸಿದವು. ಪ್ರೀತಿಯಿಂದಲ್ಲ ಬಿಡಿ. ಆದರೆ ಸಾಯುವವನಿಗೆ ಹಗ್ಗ ಎಸೆದವನ ಮನಸ್ಸಲ್ಲಿ ಏನಿತ್ತು ಎಂದು ಯಾರು ಕೇಳುತ್ತಾರೆ?

ಹತ್ತನೆಯ ದಿನ ದರ ಎಂಬತ್ತೈದಾಯಿತು. ತಕ್ಕಡಿ ಬಾಗಿಲಲ್ಲಿ ನಿಂತು ಎಂಬತ್ತೈದು ಎಂದ. ಹೆಂಡತಿ ಊಟ ಬಿಟ್ಟಳು. ಮರುದಿನವೂ ಬಿಟ್ಟಳು. ತಕ್ಕಡಿ ಹಾಲಿನ ಲೋಟ ಹಿಡಿದು ಮಂಚದ ಪಕ್ಕ ಕೂತ.

"ಒಂದು ಗುಟುಕು ಕುಡಿ ಕಣೇ."

"ನಾಳೆ ಸ್ವಲ್ಪ ಇಳಿಯತ್ತಾ ರೀ?"

"ಏನು?"

"ಅದೇ, ದರ. ಒಂದು ಐದಾದ್ರೂ ಇಳಿದ್ರೆ ನಾನು ಊಟ ಮಾಡ್ತೀನಿ."

ಸುಳ್ಳು ಹೇಳಬಹುದಿತ್ತು. ಎಪ್ಪತ್ತು ಅಂದಿದ್ದರೆ ಅವಳು ನಂಬುತ್ತಿದ್ದಳು. ಆದರೆ ಆ ಮನುಷ್ಯ ಇಪ್ಪತ್ತೊಂಬತ್ತು ವರ್ಷದಲ್ಲಿ ಇಲ್ಲದ ದರವನ್ನು ಬಾಯಲ್ಲಿ ಆಡಿದವನಲ್ಲ. ಹೆಂಡತಿಗೆ ಸುಳ್ಳು ದರ ಹೇಳುವುದಕ್ಕಿಂತ ನಿಜವಾದ ದರವನ್ನೇ ಇಳಿಸುವುದು ಅವನಿಗೆ ಸುಲಭವಾಗಿ ಕಂಡಿತು. ಎಂಥ ಪ್ರಾಮಾಣಿಕತೆಯೋ! ಸುಟ್ಟು ಹಾಕಬೇಕು ಅದನ್ನ.

ಹನ್ನೆರಡನೆಯ ದಿನ ಬೆಳಿಗ್ಗೆ ಜಿಗಣೆ ಎಂಬ ಬ್ರೋಕರ್ ಅವನ ಮೇಜಿನ ಪಕ್ಕ ಹಾದುಹೋಗುತ್ತಿದ್ದ. ಹಿಡಿದ ಮೇಜು ಬಿಡುವವನಲ್ಲ ಎಂದು ಆ ಹೆಸರು. ಅವತ್ತು ಮಾತ್ರ ತಲೆ ತಗ್ಗಿಸಿ ದಾಟುತ್ತಿದ್ದ.

"ಏನಯ್ಯಾ, ಮುಖ ತಪ್ಪಿಸ್ಕೊಂಡು ಹೋಗ್ತಿದ್ದೀಯ?"

"ಇದನ್ನ ನಿಮ್ಮ ಹತ್ರ ತರಬಾರದು ಸರ್. ಆ ಹಡಗಿನದು. ಎಂಬತ್ತೆಂಟಕ್ಕೂ ಯಾರೂ ಮೂಸ್ತಿಲ್ಲ."

"ಕೊಡಿಲ್ಲಿ."

"ಸರ್, ನಿಮ್ಮ ಮನೆಯವರೇ ಅದರಲ್ಲಿ…"

"ಚೀಟಿ ಕೊಡಯ್ಯ ಅಂದೆ."

ತಕ್ಕಡಿ ಪೆನ್ನು ತೆಗೆದು ಹತ್ತು ಪಾಲು ಎಂದು ಬರೆದ. ದರದ ಮುಂದೆ ಐವತ್ತು ಎಂದು ಬರೆದು ಸೀಲು ಒತ್ತಿದ. ಜಿಗಣೆಯ ಕಣ್ಣು ಚೀಟಿಗೂ ಅವನ ಮುಖಕ್ಕೂ ಓಡಾಡಿತು.

"ಸರ್," ಎಂದು ಜಿಗಣೆ ದನಿ ತಗ್ಗಿಸಿದ. "ಫೋನ್ ಏನಾದ್ರೂ ಬಂತಾ?"

ಇಲ್ಲ ಅನ್ನಬಹುದಿತ್ತು. ಎರಡೇ ಅಕ್ಷರ. "ನಿನ್ನ ಕೆಲಸ ನೋಡ್ಕೋ ಹೋಗು" ಎಂದ ತಕ್ಕಡಿ. ಜಿಗಣೆ ಹೋದ, ಹೋದ ಅನ್ನುವುದಕ್ಕಿಂತ ಹಾರಿದ. ಮಧ್ಯಾಹ್ನದ ಹೊತ್ತಿಗೆ ಹಜಾರದ ತುಂಬ ಗುಸುಗುಸು. ತಕ್ಕಡಿಗೆ ಸುದ್ದಿ ಬಂದಿದೆ, ಭಾವಮೈದುನ ಬದುಕಿದ್ದಾನಂತೆ, ಇಂಜಿನ್ ಕೆಟ್ಟು ಹಡಗು ತೇಲುತ್ತಿದೆಯಂತೆ, ಬಾಯಿ ಬಿಡಬೇಡಿ ಅಂದಿದ್ದಾರಂತೆ. ಇಲ್ಲಿಯ ಮೇಜುಗಳು ನಲವತ್ತೈದಕ್ಕೆ ಹೊತ್ತವು. ಇನ್ನೊಂದು ಖಂಡ ಎದ್ದು ಕಚೇರಿ ತೆರೆಯುವಷ್ಟರಲ್ಲಿ ಮೂವತ್ತೈದು. ತಕ್ಕಡಿ ಪರದೆಯ ಮೇಲೆ ಅಂಕಿ ಇಳಿಯುವುದನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದ. ನೋಡುತ್ತ ನೋಡುತ್ತ ಅವನಿಗೇ ಆಸೆ ಹುಟ್ಟಿತು. ಇಷ್ಟು ಜನ ಸುಮ್ಮನೆ ಇಳಿಸುತ್ತಾರೆಯೆ? ಯಾರಿಗೋ ಏನೋ ನಿಜವಾಗಿಯೂ ತಿಳಿದಿರಬೇಕು. ಬಾವಿಗೆ ಕೂಗಿದವನು ತನ್ನದೇ ದನಿ ತಿರುಗಿ ಬಂದಾಗ ಯಾರೋ ಓಗೊಟ್ಟರು ಎಂದುಕೊಂಡ ಹಾಗಾಯಿತು.

"ಮೂವತ್ತೈದು!" ಎಂದು ಅವನು ಸಂಜೆ ಮೆಟ್ಟಿಲಿನಿಂದಲೇ ಕೂಗಿದ.

ಹೆಂಡತಿ ಅವನ ಎರಡೂ ಕೈ ಹಿಡಿದುಕೊಂಡಳು. ಊಟ ಮಾಡಿದಳು, ಎರಡನೆಯ ಸಲ ಬಡಿಸಿಕೊಂಡಳು. ಮರುದಿನ ಮೂವತ್ತು ಎಂದಾಗ ಮೊಳೆಯ ಕೋಣೆಯ ಕಿಟಕಿ ತೆಗೆದು, ಹಾಸಿಗೆಯ ಹೊದಿಕೆ ಬದಲಿಸಿದಳು. "ಬಂದ ಮೇಲೆ ಇವನನ್ನ ಇನ್ನು ನೀರಿಗೆ ಕಳಿಸೋದು ಬೇಡ ರೀ. ಇಲ್ಲೇ ಯಾವುದಾದ್ರೂ ಕಾರ್ಖಾನೆ ನೋಡೋಣ" ಎಂದಳು. ಆಗಲಿ ಎಂದ ತಕ್ಕಡಿ.

ಹದಿನೈದನೆಯ ದಿನ ಕಾಫಿ ಯಂತ್ರದ ಹತ್ತಿರ ಜಿಗಣೆ ಸಿಕ್ಕಿದ. ಬಹಳ ಖುಷಿಯಲ್ಲಿದ್ದ.

"ಎಲ್ಲಾ ನಿಮ್ಮ ಪುಣ್ಯ ಸರ್. ಮೊದಲ ಕಂಪನಿಗಳು ನೂರಕ್ಕೆ ನೂರೂ ದಾಟಿಸಿಬಿಟ್ಟು ಕೈ ತೊಳ್ಕೊಂಡ್ರು. ಮೊನ್ನೆ ಸಂಜೆ ಕೊನೇ ಪಾಲು ಹೋಯ್ತು. ನಿನ್ನೆ ಆ ಟಗ್ಗನ್ನೂ ವಾಪಸ್ ಕರೆಸಿದ್ರಂತೆ."

ತಕ್ಕಡಿಯ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. "ಯಾಕೆ?"

"ಯಾಕೆ ಅಂದ್ರೆ? ಅವರ ತಲೆ ಮೇಲೆ ಈಗ ಏನೂ ಇಲ್ವಲ್ಲ ಸರ್. ಮುಳುಗಿದ್ರೂ ಅಷ್ಟೇ, ತೇಲಿದ್ರೂ ಅಷ್ಟೇ. ಸುಮ್ಮನೆ ಟಗ್ಗಿಗೆ ದಿನದ ಬಾಡಿಗೆ ಯಾಕೆ ಕೊಡ್ತಾರೆ?"

ಮೂವತ್ತು ವರ್ಷಕ್ಕೆ ಒಂದು ಕಡಿಮೆ, ಈ ಬಜಾರಿನ ಹೊಟ್ಟೆಯೊಳಗೇ ಬೆಳೆದವನಿಗೆ ಇದು ಹೊಳೆದಿರಲಿಲ್ಲ. ಹೊರೆ ಇಳಿಸಿದವನು ನಡೆಯುವುದನ್ನು ನಿಲ್ಲಿಸುತ್ತಾನೆ. ತಕ್ಕಡಿ ಓಡಿದ. ಹೊಸದಾಗಿ ಪಾಲು ಹೊತ್ತ ಮೇಜುಗಳಿಗೆಲ್ಲ ಹೋದ, ಹೊರದೇಶಗಳಿಗೆ ಫೋನ್ ಮಾಡಿದ. ಟಗ್ಗನ್ನು ಮತ್ತೆ ಆ ನೀರಿಗೆ ಕಳಿಸೋಣ, ಖರ್ಚು ಹಂಚಿಕೊಳ್ಳೋಣ ಎಂದು ಅಂಗಲಾಚಿದ. ಒಬ್ಬ ನನ್ನದು ಎರಡೇ ಪಾಲು ಅಂದ. ಇನ್ನೊಬ್ಬ ಸಭೆ ಸೇರಿದಾಗ ಕೇಳುತ್ತೇನೆ ಅಂದ. ಇನ್ನೊಬ್ಬಳು ಮರ್ಯಾದೆಯಿಂದಲೇ ಹೇಳಿದಳು: "ಇದನ್ನ ಲೀಡರ್ ಹೇಳ್ಬೇಕು ಸರ್. ಮೊದಲು ಸೈನ್ ಹಾಕಿದವರು."

"ಅದು ನಾನೇ ಅಲ್ವೇನಮ್ಮಾ!"

"ಹಾಗಾದ್ರೆ ಹಡಗು ಎಲ್ಲಿದೆ ಅಂತ ನಿಮಗೆ ಗೊತ್ತಿರುತ್ತಲ್ಲ ಸರ್. ಟಗ್ಗಿಗೆ ಜಾಗ ಹೇಳಿಬಿಡಿ."

ಕೊನೆಗೆ ತಕ್ಕಡಿ ತನ್ನ ಕಂಪನಿಯ ಹೆಸರಿನಲ್ಲಿ, ಯಾರನ್ನೂ ಕೇಳದೆ, ಟಗ್ಗಿನ ಮಾಲೀಕನಿಗೆ ಫೋನ್ ಹಚ್ಚಿದ. ಆ ಟಗ್ ಅಷ್ಟರಲ್ಲಿ ಬೇರೆ ಕೆಲಸ ಹಿಡಿದಾಗಿತ್ತು. ಇನ್ನೊಂದು ಸಿಕ್ಕಿತು, ನಾಲ್ಕು ದಿನದ ದೂರದಲ್ಲಿ. ಅದು ಹೋಗಿ ಐದು ದಿನ ಸುತ್ತಿ ಬರಿಗೈಯಲ್ಲಿ ಬಂತು. ಹಜಾರದಲ್ಲಿ ದರ ನಲವತ್ತಾಯಿತು, ಎಪ್ಪತ್ತಾಯಿತು, ಒಂದು ದಿನ ಜಿಗಣೆಯೂ ಆ ಚೀಟಿ ಹಿಡಿದು ಸುತ್ತುವುದನ್ನು ಬಿಟ್ಟ. ಮನೆಯಲ್ಲಿ ಹೆಂಡತಿ ಎಷ್ಟು ಎಂದು ಕೇಳುವುದನ್ನು ಬಿಟ್ಟಳು. ಗಂಡನ ಬೂಟಿನ ಸದ್ದು ಕೇಳಿದರೆ ಒಳಗಿನ ಕೋಣೆಗೆ ಹೋಗುತ್ತಿದ್ದಳು.

ಇಪ್ಪತ್ತೆಂಟನೆಯ ದಿನ ಮೀನು ಹಿಡಿಯುವವರಿಗೆ ಒಂದು ಲೈಫ್ ಬೋಟ್ ಸಿಕ್ಕಿತು. ಒಳಗೆ ಐದು ಜನ, ಐದೂ ಹೆಣ. ಹಡಗಿನ ಮಾಲೀಕರ ಕಡೆಯವನೊಬ್ಬ ಮಧ್ಯಾಹ್ನ ಮನೆಗೆ ಬಂದು, ಟೋಪಿ ಕಳಚಿ ಕೈಯಲ್ಲಿ ಹಿಡಿದು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ್ದ ಪುಟ್ಟ ನೋಟುಪುಸ್ತಕವನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು ಹೋದ. ಇಂಜಿನ್ ಕೋಣೆಯ ಎಣ್ಣೆ ಲೆಕ್ಕ ಬರೆಯುವ ಪುಸ್ತಕ. ಅದರ ಹಿಂದಿನ ಹಾಳೆಗಳಲ್ಲಿ ಮೊಳೆಯ ಅಕ್ಷರ. ಹೆಂಡತಿ ಗಟ್ಟಿಯಾಗಿ ಓದಿದಳು. ತಕ್ಕಡಿ ಎದುರಿಗೆ ಕೂತಿದ್ದ.

ಮಳೆ ನೀರು ಹಿಡಿದದ್ದು, ಬಿಸ್ಕತ್ತು ಹಂಚಿದ್ದು, ಅಡುಗೆಯವನು ಜ್ವರದಲ್ಲಿ ಹಾಡಿದ್ದು. ಆಮೇಲೆ ಹೀಗಿತ್ತು:

"ಹದಿನಾಲ್ಕನೇ ದಿನ. ಬೆಳಿಗ್ಗೆ ಟಗ್ ಕಾಣಿಸ್ತು! ಕೆಂಪು ಚಿಮಣಿ. ನಮ್ಮ ಕಡೆಗೇ ಬರ್ತಾ ಇತ್ತು. ಸಂಕೇತದ ಪಟಾಕಿ ಮುಗಿದಿದೆ, ಅಂಗಿ ಬೀಸಿದ್ವಿ, ಕೂಗಿದ್ವಿ. ಇನ್ನು ಅರ್ಧ ಗಂಟೆ ಬಂದಿದ್ರೆ ಕಾಣ್ತಿದ್ವಿ. ಅಲ್ಲಿಗೇ ನಿಂತು ಹಿಂದಕ್ಕೆ ತಿರುಗಿ ಹೋಯ್ತು. ಎಲ್ಲರೂ ಅಳ್ತಿದ್ದಾರೆ. ನಾನು ಹೇಳಿದೆ, ಅಳಬೇಡ್ರೋ, ನಮ್ಮ ಭಾವ ಆ ಜನರ ಮಧ್ಯೆನೇ ಇದ್ದಾರೆ, ಅವರು ಸುಮ್ಮನೆ ಕೂರೋರಲ್ಲ, ತಿರುಗಿ ಕಳಿಸ್ತಾರೆ ಅಂತ."

ಹದಿನೇಳನೆಯ ದಿನಕ್ಕೆ ಬರಹ ನಿಂತಿತ್ತು.

ಹೆಂಡತಿ ಆ ಹಾಳೆಯ ಮೇಲೆ ಕೈಯಿಟ್ಟು ಕೂತಳು. ಆಮೇಲೆ ತಲೆ ಎತ್ತಿದಳು.

"ಅದು ಯಾಕೆ ತಿರುಗಿ ಹೋಯ್ತು ರೀ? ನಿಮಗೆ ಗೊತ್ತಿರತ್ತೆ. ಹೇಳಿ."

ಅವನು ಹೇಳಿದ. ಜಿಗಣೆ ಹಾದುಹೋದದ್ದರಿಂದ ಹಿಡಿದು, ತಾನು ಬರೆದ ಐವತ್ತು, ಹಬ್ಬಿದ ಗುಸುಗುಸು, ದಾಟಿಹೋದ ಹೊರೆ, ಟಗ್ಗನ್ನು ಕರೆಸಿಕೊಂಡದ್ದು, ಒಂದನ್ನೂ ಬಿಡಲಿಲ್ಲ. ಅವಳು ಬುದ್ಧಿವಂತೆ. ಹನ್ನೆರಡನೆಯ ದಿನ ಎಂದು ಅವನು ಹೇಳಿದಾಗಲೇ ಅವಳ ಮುಖದ ಬಣ್ಣ ಇಳಿಯತೊಡಗಿತ್ತು.

"ನಾನು ಊಟ ಬಿಟ್ಟಿದ್ದೆ," ಎಂದಳು ಮೆಲ್ಲಗೆ. "ಹಿಂದಿನ ರಾತ್ರಿ ನಾನು ನಿಮ್ಮನ್ನ ಕೇಳಿದ್ದೆ, ದರ ಇಳಿಯತ್ತಾ ಅಂತ. ನೀವು ಸೈನ್ ಹಾಕಿದ್ದು ನನಗೋಸ್ಕರಾನಾ?"

ಹೌದು ಎಂದರೆ ತನ್ನ ಎದೆಯ ಮೇಲಿನ ಕಲ್ಲು ಅರ್ಧ ಇಳಿಯುತ್ತದೆ. ಇಳಿದ ಅರ್ಧ ಎಲ್ಲಿಗೆ ಹೋಗುತ್ತದೆ ಎಂಬುದು ತಕ್ಕಡಿಗೆ ಈಗ ಚೆನ್ನಾಗಿ ಗೊತ್ತಿತ್ತು.

"ನಿನಗೋಸ್ಕರ ಯಾಕೆ?" ಎಂದ. "ಐವತ್ತು ಒಳ್ಳೆ ದರ. ಕಂಪನಿಗೆ ಲಾಭ ಬರತ್ತೆ ಅಂತ ಹಾಕಿದೆ."

ಅವಳು ಅವನನ್ನು ನೋಡಿದಳು. ಮುಖದಲ್ಲಿ ಬೇರೆ ಏನೋ ಬಂದು ಕೂತಿತು. ಬಂದದ್ದು ಇನ್ನು ಏಳುವುದಿಲ್ಲ ಎಂದು ಅವನಿಗೆ ತಿಳಿಯಿತು. ಅವಳು ಪುಸ್ತಕ ಮುಚ್ಚಿ, ಪ್ಲಾಸ್ಟಿಕ್ ಚೀಲದೊಳಗಿಟ್ಟು, ಎದೆಗೆ ಒತ್ತಿಕೊಂಡು, ತಮ್ಮನ ಕೋಣೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡಳು.